ಹಾಲು ಉಕ್ಕುವ ಮೊದಲು ಅಂಚಿಗೆ ನೊರೆ ಬರುತ್ತದೆ

ಪ್ರಶ್ನೆ: ನನ್ನ ಎಂಟು ವರ್ಷದ ಮಗನಿಗೆ ಆಟಿಸಂ ಇದೆ. ಮೈದುನನ ಮದುವೆಯಲ್ಲಿ ಕಲ್ಯಾಣ ಮಂಟಪಕ್ಕೆ ಹೋದಾಗಿನಿಂದ ಅಂಗಿಯ ಕಾಲರ್ ಎಳೆದುಕೊಳ್ಳುತ್ತ, ‘ಊಟ ಯಾವಾಗ’ ಎಂದು ಹತ್ತಾರು ಬಾರಿ ಕೇಳುತ್ತ ಅತ್ತಿಂದಿತ್ತ ಓಡಾಡುತ್ತಿದ್ದ. ಗಟ್ಟಿಮೇಳ ಶುರುವಾದದ್ದೇ ತಡ, ಕಿವಿ ಮುಚ್ಚಿಕೊಂಡು ಕಿರುಚಿದ. ಹಿಡಿಯಲು ಹೋದ ನನ್ನ ಕೈ ಕಚ್ಚಿದ. ‘ಎರಡು ಬಿಟ್ಟರೆ ಸರಿಹೋಗುತ್ತಾನೆ’ ಎಂದರು ಅತ್ತೆ. ಹೊಡೆದೆ. ಈಗ ನನ್ನ ತಂಗಿಯ ಮದುವೆ ಬಂದಿದೆ. ಅವನನ್ನು ಮನೆಯಲ್ಲೇ ಬಿಡು ಎನ್ನುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಕರೆದುಕೊಂಡು ಹೋಗಿ. ಚಿಕ್ಕಮ್ಮನ ಮದುವೆಯಲ್ಲಿ ಅವನಿಗೂ ಜಾಗವಿರಬೇಕು. ಆದರೆ ಇಡೀ ದಿನಕ್ಕಲ್ಲ, ಅವನಿಂದ ಆಗುವಷ್ಟು ಹೊತ್ತಿಗೆ.

ಮೊದಲು ಆ ಏಟಿನ ಮಾತು. ‘ಹೊಡೆದೆ’ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಅದನ್ನು ಬರೆಯುವಾಗ ನೀವು ಪಟ್ಟ ಸಂಕಟ ನನಗೆ ತಿಳಿಯುತ್ತದೆ. ಅವನ ಪಕ್ಕದಲ್ಲಿ ಕೂತು, ‘ಅಂದು ಶಬ್ದದಿಂದ ನಿನಗೆ ಕಷ್ಟವಾಗಿತ್ತು, ಅಮ್ಮ ಹೊಡೆದದ್ದು ತಪ್ಪು’ ಎಂದು ಹೇಳಿ. ಅವನು ಮುಖ ನೋಡದೆಯೂ ಕೇಳಿಸಿಕೊಳ್ಳಬಲ್ಲ.

ಅಂದು ಆದದ್ದು ಹಠವಲ್ಲ. ಹಠ ಹಿಡಿದ ಮಗು ಕೇಳಿದ್ದು ಸಿಕ್ಕರೆ ಸುಮ್ಮನಾಗುತ್ತದೆ. ನಿಮ್ಮ ಮಗ ಕೇಳಲು ಅಲ್ಲಿ ಏನೂ ಇರಲಿಲ್ಲ, ತಡೆದುಕೊಳ್ಳುವ ಶಕ್ತಿ ಮುಗಿದುಹೋಗಿತ್ತು. ಓಲಗ, ಡೋಲು, ವಿಡಿಯೊದವರ ದೀಪ, ಕತ್ತಿಗೆ ಚುಚ್ಚುವ ಜರಿ ಇವುಗಳಲ್ಲಿ ಬೇಡದ್ದನ್ನು ನಮ್ಮ ಮಿದುಳು ತಾನಾಗಿ ಬದಿಗೆ ಸರಿಸುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ಎಲ್ಲವೂ ಒಟ್ಟಿಗೆ, ಜೋರಾಗಿ ಬಂದು ಅಪ್ಪಳಿಸುತ್ತದೆ. ಹಸಿವು, ಬಾಯಾರಿಕೆ, ಎದೆಬಡಿತದಂಥ ಮೈಯೊಳಗಿನ ಸೂಚನೆಗಳೂ ಅವರಲ್ಲಿ ಕೆಲವರಿಗೆ ಸರಿಯಾಗಿ ತಿಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ‘ಏನಾಯಿತು, ಹೇಳು’ ಎಂದು ಗದರಿದರೆ ಅವನ ಬಾಯಿಂದ ಉತ್ತರ ಹೊರಡದು.

ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕಾಲರ್ ಎಳೆದ, ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿದ, ಓಡಾಡಿದ. ಗಟ್ಟಿಮೇಳಕ್ಕೆ ಬಹಳ ಮೊದಲೇ ಆ ಮಗು ತನ್ನ ರೀತಿಯಲ್ಲಿ ಹೇಳುತ್ತಿತ್ತು.

ಈ ಸೂಚನೆಗಳನ್ನು ಅವನೇ ಗುರುತಿಸುವಂತೆ ಕಲಿಸಬಹುದು. ನಾಳೆ ಹಾಲು ಕಾಯಿಸುವಾಗ ಅವನನ್ನು ಒಲೆಯಿಂದ ಸ್ವಲ್ಪ ದೂರ ನಿಲ್ಲಿಸಿ ತೋರಿಸಿ. ಮೊದಲು ಹಾಲು ಅಲ್ಲಾಡದೆ ಇರುತ್ತದೆ. ಆಮೇಲೆ ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ, ನೊರೆ. ಆಮೇಲೆ ಒಮ್ಮೆಗೇ ಮೇಲೇಳುತ್ತದೆ. ನೊರೆ ಬಂದಾಗ ಉರಿ ಸಣ್ಣ ಮಾಡಿ, ಹಾಲು ತಗ್ಗುವುದನ್ನು ಅವನು ನೋಡಲಿ. ಈ ಮೂರು ಹಂತಗಳ ಚಿತ್ರ ಬರೆದು ಗೋಡೆಗೆ ಅಂಟಿಸಿ. ಕೆಲವು ದಿನ ಅವನನ್ನು ಏನೂ ಕೇಳಬೇಡಿ, ನಿಮ್ಮದನ್ನೇ ಹೇಳಿ: ‘ಅಮ್ಮನಿಗೆ ನೊರೆ ಬಂದಿದೆ, ಐದು ನಿಮಿಷ ಹಿತ್ತಲಲ್ಲಿ ಕೂತು ಬರುತ್ತೇನೆ.’ ಆಮೇಲೆ ಅವನು ಕಾಲರ್ ಎಳೆದಾಗ ಚಿತ್ರ ತೋರಿಸಿ, ‘ನಿನಗೂ ನೊರೆ ಬಂತಾ?’ ಎನ್ನಿ. ಮಾತು ಬರದಿದ್ದರೆ ಬೆರಳಿಟ್ಟು ತೋರಿಸಲಿ. ಇದನ್ನೆಲ್ಲ ಕಲಿಸುವುದು ಮನಸ್ಸು ತಿಳಿಯಾಗಿದ್ದಾಗ ಮಾತ್ರ. ಉಕ್ಕಿದ ಮೇಲೆ ಪಾಠ ಬೇಡ, ಪ್ರಶ್ನೆ ಬೇಡ, ನೋಡುವ ಜನರೂ ಬೇಡ. ಗಟ್ಟಿಯಾಗಿ ತಬ್ಬಿದರೆ ಕೆಲವು ಮಕ್ಕಳಿಗೆ ಹಿತ, ಕೆಲವರಿಗೆ ಮುಟ್ಟಿದರೇ ಹಿಂಸೆ. ನಿಮ್ಮ ಮಗ ಯಾವ ಬಗೆ ಎಂಬುದು ನಿಮಗೆ ಗೊತ್ತಿರುತ್ತದೆ.

ಇನ್ನು ಮದುವೆ. ಹಿಂದಿನ ದಿನವೇ ಖಾಲಿ ಮಂಟಪ ತೋರಿಸಿ, ನೊರೆ ಬಂದಾಗ ಹೋಗುವ ಕೋಣೆ ಯಾವುದೆಂದು ಅವನೇ ಆರಿಸಲಿ. ಜರಿ ಬಟ್ಟೆ ಬೇಡ, ಹಳೆಯ ಹತ್ತಿಯ ಅಂಗಿ ಸಾಕು. ಶಬ್ದ ತಡೆಯುವ ಹೆಡ್‌ಫೋನ್ ಜೊತೆಗಿರಲಿ. ಮಾಂಗಲ್ಯಧಾರಣೆಗೆ ಸಾಕಷ್ಟು ಮೊದಲೇ ಹೊರಗೆ ಕರೆದೊಯ್ಯಬೇಕು. ಅಂದು ನೀವು ಮದುಮಗಳ ಅಕ್ಕ, ಕೈತುಂಬ ಕೆಲಸವಿರುತ್ತದೆ. ಆದ್ದರಿಂದ ಅವನ ಹೊಣೆ ಅವನ ಅಪ್ಪನದು ಎಂದು ಈಗಲೇ ಮಾತಾಗಲಿ.

ಈವರೆಗೆ ಆಕ್ಯುಪೇಷನಲ್ ಥೆರಪಿಸ್ಟ್ (ಶಬ್ದ, ಸ್ಪರ್ಶ, ದಿನನಿತ್ಯದ ಕೆಲಸಗಳನ್ನು ನಿಭಾಯಿಸಲು ಕಲಿಸುವ ತಜ್ಞರು) ಬಳಿ ತೋರಿಸಿಲ್ಲವಾದರೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಮಕ್ಕಳನ್ನು ಬಲ್ಲವರಿದ್ದಾರೆ. ನಿಮಗೇ ಉಸಿರು ಕಟ್ಟಿದಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಅತ್ತೆಯವರ ಜೊತೆ ವಾದ ಬೇಡ. ನಾಳೆ ಬೆಳಿಗ್ಗೆ ಹಾಲಿನ ಪಾತ್ರೆಯ ಮುಂದೆ ಮೊಮ್ಮಗನ ಪಕ್ಕದಲ್ಲಿ ಅವರೇ ನಿಲ್ಲಲಿ. ನೊರೆ ಬರುವ ಹೊತ್ತನ್ನು ಅವರಷ್ಟು ಬಲ್ಲವರು ಆ ಮನೆಯಲ್ಲಿ ಬೇರೆ ಯಾರಿದ್ದಾರೆ?