ಬಡವರಿಗೆಲ್ಲಿಯ ಡಿಪ್ರೆಶನ್ ಎನ್ನುವವರಿಗೆ

ಪ್ರಶ್ನೆ: ನಮ್ಮ ಮನೆಗೆಲಸದವಳಿಗೆ 42 ವರ್ಷ. ಸದಾ ತಲೆನೋವು, ಮೈ ಉರಿ, ನಿದ್ದೆ ಇಲ್ಲ ಅಂತಾಳೆ. ಎಲ್ಲ ಪರೀಕ್ಷೆ ಮಾಡಿಸಿದೆವು, ನಾರ್ಮಲ್. ಡಾಕ್ಟರು ಡಿಪ್ರೆಶನ್ ಇರಬಹುದು ಅಂದರು. ಅದು ಓದಿದವರಿಗೆ, ಉಳ್ಳವರಿಗೆ ಬರೋದಲ್ವಾ? ಕೂಲಿನಾಲಿ ಮಾಡುವವರಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಈ ‘ಪುರುಸೊತ್ತೆಲ್ಲಿ’ ಪ್ರಶ್ನೆ ನನಗೆ ತಿಂಗಳಿಗೆ ಮೂರು ಸಲವಾದರೂ ಬರುತ್ತದೆ. ಕೇಳುವವರು ಯಾವಾಗಲೂ ಪುರುಸೊತ್ತು ಇರುವವರೇ.

ಡಿಪ್ರೆಶನ್ ಬಿಡುವಿದ್ದವರ ಕಾಯಿಲೆ ಅಲ್ಲ. ನಾಳೆ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲ, ಸಂಘದ ಸಾಲದ ಕಂತು ಸೋಮವಾರ ಕಟ್ಟಬೇಕು, ಗಂಡ ಕುಡಿದು ಬರುತ್ತಾನೆ, ಮಗಳ ಫೀಸು ಬಾಕಿ. ಹೀಗೆ ವರ್ಷಗಟ್ಟಲೆ ಬದುಕಿದವರಿಗೆ ಅದು ಬರುವ ಸಾಧ್ಯತೆ ಜಾಸ್ತಿ, ಕಡಿಮೆಯಲ್ಲ. 2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. (ನಿಮ್ಹಾನ್ಸ್ ಇರುವುದು ಬೆಂಗಳೂರಿನಲ್ಲಿ, ಆ 12ರಲ್ಲಿ ಕರ್ನಾಟಕ ಮಾತ್ರ ಇರಲಿಲ್ಲ. ಇರಲಿ.) ಸುಮಾರು 20 ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಡಿಪ್ರೆಶನ್ ಬಂದಿತ್ತು. ಕಾಯಿಲೆ ಇದ್ದವರಲ್ಲಿ ನೂರಕ್ಕೆ ಸುಮಾರು 85 ಮಂದಿ ಚಿಕಿತ್ಸೆಯನ್ನೇ ಪಡೆದಿರಲಿಲ್ಲ.

ಬಡತನ ಇದ್ದರೆ ಕಾಯಿಲೆ, ಕಾಯಿಲೆ ಬಂದರೆ ಕೂಲಿ ಹೋಗಿ ಇನ್ನಷ್ಟು ಬಡತನ. ಇದು ಎರಡೂ ಕಡೆ ಕೊಯ್ಯುವ ಗರಗಸ. ಇಂಡೋನೇಷ್ಯಾದಲ್ಲಿ ಸರ್ಕಾರ ಬಡ ಕುಟುಂಬಗಳ ಕೈಗೆ ನೇರವಾಗಿ ಹಣ ಕೊಟ್ಟ ಕಡೆಗಳಲ್ಲಿ ಆತ್ಮಹತ್ಯೆ ಸುಮಾರು ಶೇ 18ರಷ್ಟು ಇಳಿಯಿತು. ಹಣ ಕೊಟ್ಟದ್ದು ಹೊಟ್ಟೆಗೆ, ನೆಮ್ಮದಿ ಸಿಕ್ಕಿದ್ದು ತಲೆಗೆ. ನಮ್ಮ ಗ್ಯಾರಂಟಿಗಳ ರಾಜಕೀಯ ನನಗೆ ಬೇಡ.

ಇನ್ನು ತಲೆನೋವು, ಮೈ ಉರಿ. ಇಷ್ಟು ವರ್ಷದಲ್ಲಿ ನನ್ನ ಮುಂದೆ ಕೂತ ಯಾವ ಹೆಂಗಸೂ ‘ನನಗೆ ಖಿನ್ನತೆ’ ಅಂದಿಲ್ಲ. ಅದು ಪೇಪರಿನ ಮಾತು. ಎದೆ ಭಾರ, ತಲೆ ಗಿಮ್ ಅನ್ನುತ್ತೆ, ಕೈಕಾಲು ಸೇದುತ್ತೆ, ಹೊಟ್ಟೆಯೊಳಗೆ ಸಂಕಟ ಅಂತಾರೆ. ನಾಟಕ ಅಲ್ಲ ಅದು, ನೋವು ನಿಜವಾಗಿಯೂ ಆಗುತ್ತಿರುತ್ತದೆ. ಹೇಳುವುದಕ್ಕೆ ಮೈಯನ್ನೇ ಆರಿಸಿಕೊಳ್ಳುವುದಕ್ಕೂ ಒಂದು ಕಾರಣ ಇದೆ. ಮೈಗೆ ಹುಷಾರಿಲ್ಲ ಅಂದರೆ ಒಂದು ದಿನ ರಜೆ ಸಿಗಬಹುದು. ‘ಮನಸ್ಸಿಗೆ ಬೇಜಾರು, ಇವತ್ತು ಬರಲ್ಲಕ್ಕ’ ಅಂತ ಫೋನ್ ಮಾಡಿದರೆ ನೀವು ಕೊಡ್ತೀರಾ?

ಇಂಥವರನ್ನೇ ನೆಚ್ಚಿಕೊಂಡು ಬದುಕುವ ಇಂಜೆಕ್ಷನ್ ಡಾಕ್ಟರುಗಳು ಊರೂರಲ್ಲಿ ಇದ್ದಾರೆ. ‘ವೀಕ್‌ನೆಸ್’ ಅಂದು ಮಲಗಿಸಿ ಗ್ಲೂಕೋಸ್ ಹಾಕುತ್ತಾರೆ. ಅರ್ಧ ಲೀಟರಿನ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು 25 ಗ್ರಾಂ ಸಕ್ಕರೆ. ಮನೆಯಲ್ಲಿ ಎರಡು ಲೋಟ ಪಾನಕ ಕುಡಿದರೆ ಮುಗಿಯಿತು. ಒಬ್ಬ ತಾಯಿ ಹೀಗೆ ಎರಡು ವರ್ಷ ಬಾಟಲಿ ಹಾಕಿಸಿಕೊಂಡು, ಓಲೆ ಅಡವಿಟ್ಟು, ಕೊನೆಗೆ ನನ್ನ ಹತ್ತಿರ ಬಂದರು. ಆ ಓಲೆಯ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ, ನನಗೆ.

ಒಂದು ಎಚ್ಚರಿಕೆ. ‘ಎಲ್ಲ ನಾರ್ಮಲ್’ ಎಂಬ ಪಟ್ಟಿಯಲ್ಲಿ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಇದೆಯಾ ನೋಡಿ. ರಕ್ತ ಕಡಿಮೆಯಾದವರಿಗೆ ‘ಮನಸ್ಸು ಗಟ್ಟಿ ಮಾಡ್ಕೊ’ ಅಂತ ಹೇಳಿ ಕಳಿಸಿದ್ದನ್ನೂ ಕಂಡಿದ್ದೇನೆ.

ಅವೆರಡೂ ಸರಿ ಇದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿ. ಅಲ್ಲಿ ಮಾತ್ರೆ ಉಚಿತ. ಹಳ್ಳಿಯವರಾದರೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಲಿ. ಫೋನಿನಲ್ಲೇ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಮಾತು ಬಾಯಲ್ಲಿ ಬಂದರೆ ಮಂಗಳವಾರಕ್ಕೆ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ. ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಗುಣ ಕಂಡ ಮೇಲೂ ಆರು ತಿಂಗಳಾದರೂ ನಿಲ್ಲಿಸಬಾರದು. ಮಾತ್ರೆ ಸಾಲ ತೀರಿಸುವುದಿಲ್ಲ, ಗಂಡನ ಕುಡಿತ ಬಿಡಿಸುವುದಿಲ್ಲ. ರಾತ್ರಿ ನಿದ್ದೆ ಬಂದರೆ ಬೆಳಿಗ್ಗೆ ಅದನ್ನೆಲ್ಲ ಎದುರಿಸಲು ಸ್ವಲ್ಪ ತ್ರಾಣ ಬರುತ್ತದೆ, ಅಷ್ಟೇ. ಅಷ್ಟೇ ಬಹಳ.

ನಿಮ್ಮ ಪಾಲಿನ ಚಿಕಿತ್ಸೆ: ತಿಂಗಳಿಗೆ ಒಂದು ದಿನ, ಸಂಬಳ ಹಿಡಿಯದೆ, ಆಸ್ಪತ್ರೆಗೆ ಹೋಗಲು ರಜೆ. ಚೀಟಿಯಲ್ಲಿ ಬರೆದುಕೊಡಬೇಕಾ?

ಪ್ರಶ್ನೆ: ಮಗನಿಗೆ ಸ್ಕಿಜೋಫ್ರೇನಿಯಾ. ಮದುವೆ ಮಾಡಿದರೆ ಸರಿಹೋಗುತ್ತದೆ ಅಂತಾರೆ.

ಉತ್ತರ: ಹೋಗುವುದಿಲ್ಲ. ಇನ್ನೊಬ್ಬರ ಮನೆಯ ಮಗಳು ನಿಮ್ಮ ಮಗನ ಮಾತ್ರೆಯಲ್ಲ.

ಪ್ರಶ್ನೆ: ಅತ್ತೆಗೆ ಮೈಮೇಲೆ ದೇವರು ಬರುತ್ತದೆ. ಇದು ಕಾಯಿಲೆಯಾ?

ಉತ್ತರ: ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಬಂದು, ಮರುದಿನ ಎದ್ದು ರೊಟ್ಟಿ ತಟ್ಟಿದರೆ ನನಗೂ ಅದಕ್ಕೂ ಸಂಬಂಧವಿಲ್ಲ, ನಾನೂ ಕೈಮುಗಿಯುತ್ತೇನೆ. ವಾರಕ್ಕೆ ಮೂರು ಸಲ ಬಂದು, ಅವರಿಗೇ ಅದು ಹಿಂಸೆಯಾಗಿ, ಊಟ ನಿದ್ದೆ ಕೆಟ್ಟರೆ ಕರೆದುಕೊಂಡು ಬನ್ನಿ. ದೇವಸ್ಥಾನಕ್ಕೂ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ದೆವ್ವ ಬಿಡಿಸುತ್ತೇನೆ ಎಂದು ಹೊಡೆಯುವವನು, ಮೆಣಸಿನಕಾಯಿ ಹೊಗೆ ಹಾಕುವವನು ಅಪರಾಧಿ. ಅದಕ್ಕೆ ರಾಜ್ಯದಲ್ಲಿ 2017ರ ಕಾಯ್ದೆಯೇ ಇದೆ, 2020ರಿಂದ ಜಾರಿಯಲ್ಲಿದೆ. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದಲ್ಲಿ ವಾಸಿಯಾಗಲಿ ಎಂದು ಮಾನಸಿಕ ರೋಗಿಗಳನ್ನು ತಂದು ಬಿಡುತ್ತಿದ್ದ ಒಂದು ಆಶ್ರಮಕ್ಕೆ 2001ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದಾಗ ಸರಪಳಿ ಹಾಕಿಸಿಕೊಂಡಿದ್ದವರು ಓಡಲಾಗಲಿಲ್ಲ. 28 ಮಂದಿ ಸತ್ತರು.

ಪ್ರಶ್ನೆ: ಬೆಂಗಳೂರಲ್ಲಿ ಐಟಿ ಕೆಲಸ, ಒಳ್ಳೆ ಸಂಬಳ. ಡಿಪ್ರೆಶನ್‌ಗೆ ಮಾತ್ರೆ ತಗೊಳ್ತೀನಿ. ‘ನಿನಗೇನು ಕಡಿಮೆಯಾಗಿದೆ?’ ಅಂತ ಅಪ್ಪ ಬೈತಾರೆ.

ಉತ್ತರ: ದಾವಣಗೆರೆಯವರ ಪತ್ರದ ಜೊತೆಗೇ ನಿಮ್ಮದೂ ಬಂತು. ಅಲ್ಲಿ ದುಡ್ಡಿಲ್ಲದವರಿಗೆ ಹೇಗೆ ಬರುತ್ತೆ ಅಂತ, ಇಲ್ಲಿ ದುಡ್ಡಿದ್ದವರಿಗೆ ಹೇಗೆ ಬರುತ್ತೆ ಅಂತ. ಮಾತ್ರೆ ಮುಂದುವರಿಸಿ. ಅಪ್ಪನಿಗೆ ಬಿಪಿ ಮಾತ್ರೆ ಇದ್ದರೆ ಅವರಿಗೂ ಅದೇ ಪ್ರಶ್ನೆ ಕೇಳಿ.

ಔಷಧಿ ಚೀಟಿಯ ಫೋಟೊ ಕಳಿಸಿ ‘ಡೋಸ್ ಜಾಸ್ತಿ ಮಾಡಲಾ ಸರ್’ ಎಂದು ಕೇಳಿದ ಆರು ಮಂದಿಗೆ: ನೋಡದೆ ಹೇಳುವುದಿಲ್ಲ.