ಡಿಸೈರ್ ಡೀಸೆಲ್: ಇಂಜಿನ್ ಬಿಚ್ಚಿಸಬೇಕಾ, ಬೇರೆ ಕೂರಿಸಬೇಕಾ?

ಸರ್, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. 2012ರ ಡಿಸೈರ್ ಡೀಸೆಲ್, 2.3 ಲಕ್ಷ ಕಿ.ಮೀ. ಓಡಿದೆ. ಸಾವಿರ ಕಿಲೋಮೀಟರಿಗೆ ಹತ್ತಿರಹತ್ತಿರ ಒಂದು ಲೀಟರ್ ಆಯಿಲ್ ಕುಡಿಯುತ್ತಿದೆ. ಪುಣೆಯಿಂದ ಬೆಳಗಾವಿಗೆ ಹೋಗುವಾಗ ಖಂಬಾಟ್ಕಿ ಘಾಟಿನಲ್ಲಿ ಪಿಕಪ್ ಇಲ್ಲ, ಹಿಂದೆ ನೀಲಿ ಹೊಗೆ. ಚಿಂಚವಡದ ಒಬ್ಬ ಮೆಕ್ಯಾನಿಕ್ ‘ಹಾಫ್ ಇಂಜಿನ್ ಮಾಡೋಣ’ (ಇಂಜಿನ್ ಬಿಚ್ಚಿ ಸವೆದ ಭಾಗ ಬದಲಿಸೋಣ) ಅಂದ. ಇನ್ನೊಬ್ಬ ‘ಸೆಕೆಂಡ್ ಹ್ಯಾಂಡ್ ಇಂಜಿನ್ ಕೂರಿಸಿ ಎರಡು ದಿನದಲ್ಲಿ ಗಾಡಿ ಕೊಡ್ತೀನಿ’ ಅಂದ. ಇಬ್ಬರೂ ಬಾನೆಟ್ ಎತ್ತಿ ನೋಡಿದ್ದು ಬಿಟ್ಟರೆ ಏನನ್ನೂ ಅಳೆದಿಲ್ಲ. ನನಗೆ ಕಸಿವಿಸಿ ಆಗಿದ್ದು ಅಲ್ಲೇ.

ನನ್ನದು ರಿಟ್ಜ್ ಡೀಸೆಲ್. ಅದೇ 1248 ಸಿಸಿ ಫಿಯಾಟ್ ಮಲ್ಟಿಜೆಟ್ ಇಂಜಿನ್. ಮಾರುತಿ ಇದನ್ನು ಮಾನೇಸರ್‌ನಲ್ಲಿ ಮಾಡುತ್ತಿತ್ತು, ಫಿಯಾಟ್ ನಮ್ಮ ಪುಣೆ ಪಕ್ಕದ ರಾಂಜಣಗಾವ್‌ನಲ್ಲಿ. (ಅಷ್ಟವಿನಾಯಕ ದರ್ಶನಕ್ಕೆ ರಾಂಜಣಗಾವ್‌ಗೆ ಹೋದಾಗಲೆಲ್ಲ ಗಣಪನಿಗೆ ಇಂಜಿನ್ ಪರವಾಗಿಯೂ ಒಂದು ಕೈ ಮುಗಿಯುತ್ತೇನೆ.) ಸ್ವಿಫ್ಟ್, ವಿಸ್ಟಾ, ಪುಂಟೊ, ಲೀನಿಯಾ ಎಲ್ಲದರಲ್ಲೂ ಇದೇ ಇತ್ತು. ಹಾಗಾಗಿ ಬಿಡಿಭಾಗಕ್ಕೆ ಅಲೆದಾಟವಿಲ್ಲ, ನಾನಾ ಪೇಠೆಗೆ ಹೋದರೆ ಆಯಿತು.

ಮೊದಲು ನೋಡಬೇಕಾದದ್ದು ಟರ್ಬೊ, ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ಕಳಿಸುವ ಭಾಗ. ಟರ್ಬೊದ ಸೀಲ್ ಹೋದರೂ ಆಯಿಲ್ ಕಡಿಮೆಯಾಗುತ್ತದೆ, ನೀಲಿ ಹೊಗೆ ಬರುತ್ತದೆ, ಪಿಕಪ್ ಸಾಯುತ್ತದೆ. ನೀವು ಹೇಳಿದ ಮೂರೂ ಲಕ್ಷಣಕ್ಕೆ ಅದೊಂದೇ ಕಾರಣ ಸಾಕು. ಇಂಟರ್‌ಕೂಲರ್ ಪೈಪ್ (ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಭಾಗದ್ದು) ಬಿಚ್ಚಿ ಒಳಗೆ ಬೆರಳಾಡಿಸಿ. ತೆಳ್ಳಗೆ ಜಿಡ್ಡಿದ್ದರೆ ಅದು ಮಾಮೂಲಿ. ಆಯಿಲ್ ಸುರಿದರೆ ಟರ್ಬೊ ಕಡೆಯೇ ಅನುಮಾನ. ಜೊತೆಗೆ ಆ ಪೈಪ್ ಎಲ್ಲಾದರೂ ಸೀಳಿದೆಯಾ, ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಇಂಜಿನ್ನಿಗೇ ವಾಪಸ್ ಬಿಡುವ ಕವಾಟ) ಮಸಿ ಕಟ್ಟಿ ಅಂಟಿಕೊಂಡಿದೆಯಾ ನೋಡಿಸಿ. ಪಿಕಪ್ ಇಲ್ಲ ಅನ್ನುವುದಕ್ಕೆ ಇವೂ ಕಾರಣ ಆಗಬಹುದು, ರಿಪೇರಿಯೂ ಅಗ್ಗ.

ಇದು ಗೊತ್ತಾಗುವವರೆಗೆ ದಯವಿಟ್ಟು ಘಾಟ್ ಹತ್ತಿಸಬೇಡಿ. ಟರ್ಬೊ ಪೂರ್ತಿ ಕೈಕೊಟ್ಟರೆ ಡೀಸೆಲ್ ಇಂಜಿನ್ ತನ್ನ ಆಯಿಲನ್ನೇ ಸುಟ್ಟುಕೊಂಡು ಓಡತೊಡಗಬಹುದು. ಆಗ ಕೀ ತೆಗೆದರೂ ನಿಲ್ಲುವುದಿಲ್ಲ. ಹಾಗೇನಾದರೂ ಆದರೆ ಟಾಪ್ ಗೇರ್ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಕ್ಲಚ್ ಬಿಟ್ಟು ಇಂಜಿನ್ ಬಂದ್ ಬೀಳಿಸಬೇಕು.

ಟರ್ಬೊ ಚೆನ್ನಾಗಿದ್ದರೆ ಬ್ಯಾಕ್ ಕಂಪ್ರೆಷನ್ (ಪಿಸ್ಟನ್ ಪಕ್ಕದಿಂದ ಗ್ಯಾಸ್ ಕೆಳಗೆ ಸೋರುವುದು) ನೋಡಿ. ಇಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು, ಅದನ್ನೇ ತಲೆಕೆಳಗಾಗಿ ಬಾಯಿ ಮೇಲೆ ಇಡಿ. ಸುಮ್ನೆ ಅಲ್ಲಾಡಿದರೆ ಪರವಾಗಿಲ್ಲ. ಇಡ್ಲಿ ಪಾತ್ರೆಯ ಮುಚ್ಚಳದ ಥರ ಕುಣಿದು ಹಾರಿದರೆ, ಹೊಗೆ ಪುಕಪುಕ ಎಂದು ಬಂದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್ ಕೊಳವೆ) ಸವೆದಿದೆ. ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಎಂದು ಅಳೆಯುವುದು. ಡೀಸೆಲ್ ಗೇಜ್ ಎಲ್ಲ ಗ್ಯಾರೇಜಿನಲ್ಲಿ ಇರುವುದಿಲ್ಲ, ಕೇಳಿಕೊಂಡು ಹೋಗಿ. ನಾಲ್ಕು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಒಂದೇ ಒಂದು ಕೆಳಗಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕೂಡ ಇರಬಹುದು. ನಾಲ್ಕೂ ಕೆಳಗಿದ್ದರೆ ಹೆಚ್ಚಾಗಿ ಸವೆತವೇ.

ಈಗ ನನ್ನ ಕಥೆ, ನೀವು ಅದೇ ಗುಂಡಿಗೆ ಬೀಳಬಾರದು ಅಂತ. ರಿಟ್ಜ್‌ನ ಬೇರಿಂಗ್ ಹೋಗಿತ್ತು. ಗ್ಯಾರೇಜಿನವನು ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಗ್ರೈಂಡ್ ಮಾಡಿಸಿ, ಅದಕ್ಕೆ ಹೊಂದುವ ಅಂಡರ್‌ಸೈಜ್ ಬೇರಿಂಗ್ ಹಾಕಿ ಕೊಟ್ಟ. ಕೆಲಸ ನೀಟಾಗಿಯೇ ಇತ್ತು. ನಾಲ್ಕು ಸಾವಿರ ಕಿ.ಮೀ. ಆಗುವಷ್ಟರಲ್ಲಿ ಮತ್ತೆ ಟಕಟಕ ಸದ್ದು. ಆಯಿಲ್ ಇಳಿಸಿ ಬಿಳಿ ತಟ್ಟೆಯಲ್ಲಿ ಹಿಡಿದೆ. ಬಿಸಿಲಿಗೆ ಓರೆ ಮಾಡಿದರೆ ಜರಿ ಸೀರೆ ಅಂಚು ಹೊಳೆದ ಹಾಗೆ ಹೊಳೆಯಿತು. ಫಿಲ್ಟರ್ ಕಾಗದದ ಮಡಿಕೆ ಬಿಡಿಸಿದರೆ ಅಲ್ಲೂ ಅದೇ ಪುಡಿ, ಮ್ಯಾಗ್ನೆಟ್‌ಗೆ ಅಂಟಲಿಲ್ಲ. ಅಂದರೆ ಕಬ್ಬಿಣವಲ್ಲ, ಬೇರಿಂಗಿನ ಲೋಹ. ಹಳೇ ಪುಡಿ ಫಿಲ್ಟರ್ ಹೌಸಿಂಗ್‌ನ ಆಯಿಲ್ ಕೂಲರ್ ಒಳಗೆ ಕೂತಿತ್ತು, ಅದನ್ನು ಯಾರೂ ಬಿಚ್ಚಿರಲಿಲ್ಲ. ಮೊದಲ ಸಲ ಬೇರಿಂಗ್ ಯಾಕೆ ಹೋಯಿತು ಎಂದೂ ಯಾರೂ ನೋಡಿರಲಿಲ್ಲ. ಚೇಂಬರ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಒಳಗೆ ಆಯಿಲ್ ಸೋಸುವ ಸ್ಟ್ರೈನರ್‌ನ ಓ-ರಿಂಗ್ ಗಟ್ಟಿಯಾಗಿ ಪಂಪ್ ಗಾಳಿ ಎಳೆಯುತ್ತಿತ್ತು. ಹತ್ತಾರು ರೂಪಾಯಿಯ ರಬ್ಬರ್. ಎರಡನೇ ಸಲದ ಖರ್ಚು 70 ಸಾವಿರ ದಾಟಿತು.

ಅದಕ್ಕೇ ಹೇಳೋದು, ಇಂಜಿನ್ ಯಾಕೆ ಹಾಳಾಯಿತು ಅಂತ ಗೊತ್ತಾಗದೆ ರೇಟ್ ಮಾತಾಡಬೇಡಿ. ನಿಮ್ಮ ಸ್ಟ್ರೈನರ್ ಅರ್ಧ ಕಟ್ಟಿಕೊಂಡಿದ್ದರೆ ಹೊಸ ಪಿಸ್ಟನ್ನೂ ಅದೇ ಆಯಿಲ್ ಬರದಲ್ಲಿ ಓಡಬೇಕು.

‘ಹಾಫ್ ಇಂಜಿನ್’ ಎನ್ನುವ ಮಾತಿಗೆ ಒಂದೊಂದು ಗ್ಯಾರೇಜಿನಲ್ಲಿ ಒಂದೊಂದು ಅರ್ಥ. ಕೆಲವರಿಗೆ ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಅಷ್ಟೇ. ಏನೇನು ಹಾಕುತ್ತೀರಿ ಅಂತ ಬರೆಸಿಕೊಳ್ಳಿ. ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಇಳಿಸಿದ ದಿನ ನೀವೇ ಹೋಗಿ ಬೋರಿನ ಮೇಲಂಚಿಗೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಮೆಟ್ಟಿಲು ಬಿದ್ದಿದೆ. ಅಂಥ ಬೋರಿಗೆ ಹೊಸ ರಿಂಗ್ ಮಾತ್ರ ಹಾಕಿದರೆ ಆಯಿಲ್ ಕುಡಿಯುವುದು ನಿಲ್ಲುವುದಿಲ್ಲ. ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಲೇಬೇಕು. ಪಿಸ್ಟನ್ ಮೊದಲು ತಂದು ಲೇತಿನವನ ಕೈಗೆ ಕೊಡಿ, ಅದನ್ನು ಅಳೆದು ಬೋರ್ ಮಾಡಲಿ. ಬೋರ್ ಆದ ಮೇಲೆ ಪಿಸ್ಟನ್ ಹುಡುಕುವವನ ಹತ್ತಿರ ಕೆಲಸ ಕೊಡಬೇಡಿ. ಟೈಮಿಂಗ್ ಚೈನ್ ಕಿಟ್, ಹೆಡ್ ಬೋಲ್ಟ್ ಹೊಸದು ಇರಲಿ. ಆಯಿಲ್ ಕೂಲರ್ ಬದಲಿಸಿ, ತೊಳೆದು ಹಾಕುವುದನ್ನು ನಾನು ನಂಬುವುದಿಲ್ಲ. ಮೊದಲ ಆಯಿಲ್ 500 ಕಿ.ಮೀ.ಗೇ ಇಳಿಸಿಬಿಡಿ.

ಸೆಕೆಂಡ್ ಹ್ಯಾಂಡ್ ಇಂಜಿನ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಎಷ್ಟು ಓಡಿದೆ, ಆಯಿಲ್ ಯಾವಾಗ ಬದಲಾಯಿಸಿದ್ದರು, ಯಾವುದಕ್ಕೂ ದಾಖಲೆ ಸಿಗಲ್ಲ. ಕುದಳವಾಡಿಯ ಗುಜರಿ ಶೆಡ್‌ಗಳನ್ನು 2025ರ ಫೆಬ್ರವರಿಯಲ್ಲಿ ಕೆಡವಿದ ಮೇಲೆ ‘ಒಂದು ತಿಂಗಳು ಗ್ಯಾರಂಟಿ’ ಅಂದವನನ್ನು ಎಲ್ಲಿ ಹುಡುಕುತ್ತೀರಿ? ನಿಮ್ಮ ಬ್ಲಾಕ್ (ಸಿಲಿಂಡರ್‌ಗಳಿರುವ ಇಂಜಿನ್ ಒಡಲು) ಒಡೆದಿದ್ದರೆ ಅಥವಾ ಕ್ರ್ಯಾಂಕ್ ಗ್ರೈಂಡ್ ಮಾಡಲಾಗದಷ್ಟು ಹೋಗಿದ್ದರೆ ಮಾತ್ರ ಆ ದಾರಿ. ಆಗಲೂ ನಿಮ್ಮದರ ಥರ 75 ಪಿಎಸ್ ಶಕ್ತಿಯ ಇಂಜಿನ್ನೇ ತನ್ನಿ. ಎರ್ಟಿಗಾ, ಎಸ್‌ಎಕ್ಸ್4 ಗಾಡಿಯದು 90 ಪಿಎಸ್, ಟರ್ಬೊನೇ ಬೇರೆ.

ಕಾಗದದ ಕೆಲಸವೂ ಇದೆ. ಇಂಜಿನ್ ನಂಬರ್ ಬದಲಾದರೆ ಆರ್‌ಸಿಯಲ್ಲಿ ಬದಲಾಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಮೊದಲೇ ಅನುಮತಿ ಪಡೆಯದಿದ್ದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ನಂಬರ್ ಬರೆದ ಬಿಲ್ ಮತ್ತು ಆ ಇಂಜಿನ್ ಇದ್ದ ಗಾಡಿಯ ಆರ್‌ಸಿ ನಕಲು ಇಲ್ಲದೆ ದುಡ್ಡು ಕೊಡಬೇಡಿ. ಕದ್ದ ಗಾಡಿಯ ಇಂಜಿನ್ ಆಗಿದ್ದರೆ ಠಾಣೆಗೆ ಅಲೆಯುವವರು ನೀವು. ಇನ್ಶೂರೆನ್ಸ್‌ನವರಿಗೂ ತಿಳಿಸಿ. ನಿಮ್ಮದೇ ಬ್ಲಾಕ್ ರಿಪೇರಿ ಮಾಡಿಸಿದರೆ ಈ ತಲೆನೋವು ಯಾವುದೂ ಇಲ್ಲ.

ಇನ್ನೊಂದು ಲೆಕ್ಕ ನೀವು ಹಾಕಿದಂತಿಲ್ಲ. 2012ರ ಗಾಡಿ, ಆರ್‌ಸಿ 2027ಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ಮಾಡಿಸಿ ಐದು ವರ್ಷ ಮುಂದುವರಿಸಬಹುದು. 15 ವರ್ಷವಾದ ಕಾರಿನ ಆರ್‌ಸಿ ನವೀಕರಣದ ಫೀಸು 2022ರ ಏಪ್ರಿಲ್‌ನಿಂದ 5,000 ರೂಪಾಯಿ, ಮಹಾರಾಷ್ಟ್ರದ ಪರಿಸರ ಟ್ಯಾಕ್ಸ್ ಬೇರೆ. ಆ ಐದು ವರ್ಷವೂ ಇಟ್ಟುಕೊಳ್ಳುವ ಮನಸ್ಸಿದ್ದರೆ ಪೂರ್ತಿ ಬೋರ್-ಪಿಸ್ಟನ್ ಮಾಡಿಸಿ, ಬಾಡಿ ತುಕ್ಕು ಹಿಡಿದಿಲ್ಲ ಅಂತೀರಲ್ಲ. ಆರ್‌ಸಿ ಮುಗಿದ ಮೇಲೆ ಮಾರುವುದೇ ಆದರೆ ಈಗಲೇ ಇದ್ದ ಹಾಗೆ, ತೊಂದರೆ ಹೇಳಿಯೇ ಮಾರಿಬಿಡಿ. ಹಾಕಿದ ದುಡ್ಡು ಮಾರುವಾಗ ವಾಪಸ್ ಬರಲ್ಲ.

ಟರ್ಬೊ ಮಾತ್ರ ಅಂತ ಗೊತ್ತಾದರೆ ಮೇಲಿನ ಅರ್ಧ ಮರೆತುಬಿಡಿ, ಆದರೆ ಟರ್ಬೊಗೆ ಆಯಿಲ್ ಹೋಗುವ ಪೈಪ್ ಮಸಿ ಕಟ್ಟಿದೆಯಾ ನೋಡದೆ ಹೊಸದು ಹಾಕಿಸಬೇಡಿ. ಇಂಟರ್‌ಕೂಲರ್ ಪೈಪ್ ಬಿಚ್ಚಿದಾಗ ಒಳಗಿನ ಫೋಟೊ ಇಲ್ಲೇ ಹಾಕಿ.