ಕೆಟ್ಟ ಮೈಟೊಕಾಂಡ್ರಿಯಾವನ್ನು ಜೀವಕೋಶ ಹೇಗೆ ಗುರುತಿಸುತ್ತದೆ? ಪಾರ್ಕಿನ್ಸನ್ ಕಾಯಿಲೆಗೂ ಅದಕ್ಕೂ ಏನು ಸಂಬಂಧ?

ಸೋಮವಾರಪೇಟೆ ಕಡೆಯ ಅರೇಬಿಕಾ ತೋಟದಲ್ಲಿ ಕಾಂಡಕೊರಕ ಹಿಡಿದ ಗಿಡಕ್ಕೆ ಗುರುತು ಹಾಕಿ, ಕಿತ್ತು ಸುಡುತ್ತಾರೆ. ಬಿಟ್ಟರೆ ಪಕ್ಕದ ಗಿಡಕ್ಕೂ ಹುಳ ದಾಟುತ್ತದೆ, ಅಲ್ವಾ? ಶಕ್ತಿ ತಯಾರಿಸುವ ತನ್ನ ಪುಟ್ಟ ಘಟಕಗಳು, ಅಂದರೆ ಮೈಟೊಕಾಂಡ್ರಿಯಾ, ಕೆಟ್ಟರೆ ಜೀವಕೋಶ ಮಾಡುವುದೂ ಹೆಚ್ಚುಕಮ್ಮಿ ಇದೇ. ಹೆಸರು ಮೈಟೊಫೇಜಿ.

ಗುರುತು ಹಾಕುವ ರೀತಿ ನನಗೆ ತುಂಬಾ ಇಷ್ಟ. ಪಿಂಕ್1 ಎಂಬ ಪ್ರೋಟೀನ್ ಮೈಟೊಕಾಂಡ್ರಿಯಾದೊಳಗೆ ಸದಾ ಹೋಗುತ್ತಿರುತ್ತದೆ. ಎಲ್ಲ ಸರಿಯಿದ್ದರೆ ಅಲ್ಲೇ ತುಂಡಾಗಿ, ಬೇಗ ನಾಶವಾಗುತ್ತದೆ. ಮೈಟೊಕಾಂಡ್ರಿಯಾ ಕೆಟ್ಟು ಒಳಪೊರೆಯ ವೋಲ್ಟೇಜ್ ಕುಸಿದರೆ ಪಿಂಕ್1 ಒಳಗೆ ಹೋಗಲಾಗದೆ ಹೊರಪೊರೆಯ ಮೇಲೆ ಜಮಾಯಿಸುತ್ತದೆ. ಆಗ ಪಾರ್ಕಿನ್ ಎಂಬ ಇನ್ನೊಂದು ಪ್ರೋಟೀನನ್ನು ಕರೆಯುತ್ತದೆ. ಅದು ಬಂದು ಮೇಲೆಲ್ಲ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿನ ಸರಪಳಿ ಅಂಟಿಸುತ್ತದೆ. ಈ ಗುರುತು ಇದ್ದದ್ದನ್ನು ಒಂದು ಪೊರೆ ಸುತ್ತಿಕೊಂಡು ಲೈಸೊಸೋಮ್ ಎಂಬ ಅರಗಿಸುವ ಚೀಲಕ್ಕೆ ಒಯ್ಯುತ್ತದೆ, ಅಲ್ಲಿನ ಕಿಣ್ವಗಳು ಅದನ್ನು ಅರಗಿಸುತ್ತವೆ.

ಪಾರ್ಕಿನ್ ತಯಾರಿಸುವ ಜೀನ್‌ಗೂ ಪಾರ್ಕಿನ್ಸನ್ ಕಾಯಿಲೆಗೂ ಇರುವ ನಂಟು 1998ರಲ್ಲಿ ಗೊತ್ತಾಯಿತು, ಪಿಂಕ್1ರದ್ದು 2004ರಲ್ಲಿ. ಇವೆರಡರಲ್ಲಿ ಯಾವುದೇ ಜೀನ್‌ನ, ತಂದೆಯಿಂದಲೂ ತಾಯಿಯಿಂದಲೂ ಬಂದ ಎರಡೂ ಪ್ರತಿ ಕೆಟ್ಟಿದ್ದರೆ ಸಣ್ಣ ವಯಸ್ಸಿಗೇ ಪಾರ್ಕಿನ್ಸನ್ ಬರಬಹುದು. ಮೊದಲು ಸಾಯುವುದು ಡೋಪಮೀನ್ ಎಂಬ ಸಂದೇಶವಾಹಕ ರಾಸಾಯನಿಕ ತಯಾರಿಸುವ ಮೆದುಳಿನ ನರಕೋಶಗಳು. ಅವಕ್ಕೆ ಶಕ್ತಿ ಜಾಸ್ತಿ ಬೇಕು, ಮೇಲಾಗಿ ಅವು ವಿಭಜನೆಯಾಗುವುದಿಲ್ಲ. ಹಾಗಾಗಿ ಕಸ ಹಂಚಿಹೋಗದೆ ಉಳಿಯುತ್ತದೆ.

ಆದರೆ ವಯಸ್ಸಾದ ಮೇಲೆ ಬರುವ ಪಾರ್ಕಿನ್ಸನ್‌ಗೆಲ್ಲ ಇದೊಂದೇ ಕಾರಣವಲ್ಲ. ಆಲ್‌ಝೈಮರ್‌ನಲ್ಲೂ ಮೈಟೊಫೇಜಿ ನಿಧಾನವಾಗುವುದು ಕಂಡಿದೆ, ಅದು ಕಾರಣವೋ ಪರಿಣಾಮವೋ ಎಂಬ ಚರ್ಚೆ ಮುಗಿದಿಲ್ಲ. 'ಮೈಟೊಫೇಜಿ ಹೆಚ್ಚಿಸುತ್ತದೆ' ಎಂದು ಮಾರುವ ಮಾತ್ರೆಗೆ ಸುಮ್ನೆ ದುಡ್ಡು ಸುರಿಯಬೇಡಿ. ಅದರಿಂದ ಪಾರ್ಕಿನ್ಸನ್ ತಡೆಯಬಹುದೆಂದು ಯಾರೂ ಇನ್ನೂ ಸಾಬೀತು ಮಾಡಿಲ್ಲ.